ಅಳತೆಗೆ ಹೊಲಿದ ಕಥೆ

ಚನ್ನಗಿರಿ
14 ಜುಲೈ 2024

ಪ್ರೀತಿಯ ಮಸರತ್,

ಅಸ್ಸಲಾಮು ಅಲೈಕುಂ. ನಿನ್ನ ಆಪಾ ಫೋನು ಬಿಟ್ಟು ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು ನನ್ನ ಟೈಲರಿಂಗ್ ಅಂಗಡಿಯ ಕಟ್ಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದಾಳೆ. ನಿನ್ನ ಗಂಡ, ಅಂದರೆ ನನ್ನ ಮಹಾಶಯ ತಮ್ಮ ಇಲಿಯಾಸ್, ಪಂಪಿನ ಮೋಟಾರು ರಿಪೇರಿ ಎಂದು ಹೊನ್ನಾಳಿ, ನ್ಯಾಮತಿ ಸುತ್ತಿಕೊಂಡು ತನಗೆ ತೋಚಿದ ಹೊತ್ತಿಗೆ ಮನೆಗೆ ಬರುತ್ತಾನೆ. ನೀನು ಜಗಳೂರಿನ ಆಸ್ಪತ್ರೆಗೆ ವರ್ಗವಾಗಿ ಹೋದಮೇಲೆ ಮನೆಯಲ್ಲಿ ನಾನು ಮತ್ತು ಮದೀಹಾ ಇಬ್ಬರದೇ ರಾಜ್ಯ.

ಈ ಕಾಗದಕ್ಕೆ ಅವಳೇ ಕಾರಣ. ಮೂರನೇ ಕ್ಲಾಸಿನ ಮಕ್ಕಳು ಶನಿವಾರಕ್ಕೊಂದು ಸ್ವಂತ ಕಥೆ ಬರೆದು ತರಬೇಕೆಂದು ನಾಗರತ್ನ ಟೀಚರ್ ಹೇಳಿದ್ದಾರೆ. ನಿನ್ನ ಮಗಳು ಪೆನ್ಸಿಲು ಕಚ್ಚಿ ಕಚ್ಚಿ ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದನು’ ಎಂದು ಬರೆದು ನಿಲ್ಲಿಸಿದಳು. ಆಮೇಲೆ ಏನಾಯಿತು ಎಂದು ಕೇಳಿದರೆ, “ಸತ್ತೋದ” ಎಂದಳು. ಅಲ್ಲಿಗೆ ಕಥೆ ಮುಗಿಯಿತು.

“ನೀನು ರಾಜನ್ನ ನೋಡಿದೀಯೇನೆ?” ಎಂದೆ.

“ಇಲ್ಲ ಫುಪ್ಪು.”

“ಮತ್ತೆ ಯಾರನ್ನ ನೋಡಿದೀಯ?”

ತುಂಬಾ ಯೋಚನೆ ಮಾಡಿ, “ಚಿಕ್ಕಹನುಮಂತಪ್ಪನ್ನ” ಎಂದಳು. ಗೊತ್ತಲ್ಲ, ನಮ್ಮ ಎದುರಿನ ಅಡಿಕೆ ಮಂಡಿಯ ಹಮಾಲ. ಹಾಗಾದರೆ ಅವನನ್ನೇ ಬರಿ ಎಂದೆ. ಆಗ ಪೆನ್ಸಿಲು ಕೆಳಗಿಟ್ಟು ಒಂದು ಪ್ರಶ್ನೆ ಹಾಕಿದಳು ನೋಡು. “ದೊಡ್ಡೋರು ಯಾರೂ ಬರಿಯಲ್ಲ. ಎಲ್ಲಾರೂ ಫೋನ್ ಒತ್ತುತಾರೆ. ನಾನೊಬ್ಬಳೇ ಯಾಕೆ ಬರೀಬೇಕು?”

ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು. ಸಂಜೆಯ ಫೋನು ತಾಯಿ ಮಗಳು ನಿಮ್ಮಿಬ್ಬರಿಗೆ. ನಾನು ನೀನು ಏನೇ ಹೇಳಿಕೊಳ್ಳುವುದಿದ್ದರೂ ಕಾಗದದಲ್ಲೇ ಹೇಳಿಕೊಳ್ಳಬೇಕು. ಅಂಟಿಸಿದ ಕವರನ್ನು ಅಂಚೆ ಡಬ್ಬಕ್ಕೆ ಅವಳೇ ಹಾಕುತ್ತಾಳೆ. ತನ್ನ ಕಥೆಗಳನ್ನೂ ಬೇರೆ ಕವರಿನಲ್ಲಿ ನಿನಗೆ ಅವಳೇ ಕಳಿಸುತ್ತಾಳೆ. ನಾನು ಇಣುಕಿ ನೋಡುವ ಹಾಗಿಲ್ಲವಂತೆ. ನೀನೂ ಬರೆ. ಇಲ್ಲದಿದ್ದರೆ ನಿನ್ನ ಮಗಳು ಪೆನ್ಸಿಲು ಮುಟ್ಟುವುದಿಲ್ಲ.

ನಿನ್ನ ಆಪಾ,
ದಿಲ್‌ಶಾದ್ ಬೇಗಂ


ಜಗಳೂರು
22 ಜುಲೈ 2024

ಪ್ರೀತಿಯ ಆಪಾ ಅವರಿಗೆ ಸಲಾಂ.

ಕಾಗದ ಬಂತು. ಮದೀಹಾಳ ಕೈಬರಹದ ವಿಳಾಸ ನೋಡಿ ಡ್ಯೂಟಿ ರೂಮಿನಲ್ಲೇ ಕಣ್ಣು ಒದ್ದೆಯಾಯಿತು. ‘ಜಗಳೂರು’ ಎಂಬುದನ್ನು ಎಷ್ಟು ದೊಡ್ಡದಾಗಿ ಬರೆದಿದ್ದಾಳೆ ಎಂದರೆ ನನ್ನ ಹೆಸರಿಗೆ ಜಾಗವೇ ಉಳಿದಿಲ್ಲ.

ನೀವು ಅವಳಿಗೆ ಕಥೆ ಬರೆಯಲು ಕಲಿಸುತ್ತಿರುವುದು ಸಂತೋಷ. ಒಂದೇ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ನಕ್ಕ ಆ ರಾಜನ ಕಥೆ ನಾನು ಹೇಳಿದ್ದು. ಅವಳು ಎರಡು ವರ್ಷದವಳಿದ್ದಾಗಿನಿಂದ ತಲೆ ನೇವರಿಸುತ್ತಾ ಅದನ್ನು ಹೇಳಿ ಮಲಗಿಸಿದ್ದೇನೆ. ಆ ರಾಜ ಸಾಯುವುದಿಲ್ಲ. ಅವನು ಕುದುರೆ ಕಳೆದುಕೊಳ್ಳುತ್ತಾನೆ, ಹುಡುಕಿಕೊಂಡು ಹೋಗುತ್ತಾನೆ. ಕಥೆ ಅಷ್ಟು ದೂರ ಬರುವ ಮೊದಲೇ ಅವಳಿಗೆ ನಿದ್ದೆ ಬಂದುಬಿಡುತ್ತಿತ್ತು. ನೀವು ಕೇಳಿದ್ದರೆ ಮುಂದಿನದನ್ನು ನಾನೇ ಹೇಳುತ್ತಿದ್ದೆ. ರಾಜನ ಬದಲು ಹಮಾಲ ಬಂದದ್ದಕ್ಕೆ ನನಗೇನೂ ಬೇಜಾರಿಲ್ಲ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಒಳ್ಳೆಯ ರೂಮು, ಒಳ್ಳೆಯ ಜನ, ಊಟಕ್ಕೂ ತೊಂದರೆಯಿಲ್ಲ. ಮದೀಹಾಳ ಕೂದಲಿಗೆ ಭಾನುವಾರ ಎಣ್ಣೆ ಹಚ್ಚಿರಿ. ಎರಡು ಜಡೆ ಬೇಡ, ಒಂದೇ ಸಾಕು. ಎರಡು ಹಾಕಿದರೆ ಅವಳಿಗೆ ತಲೆ ನೋಯುತ್ತದೆ, ಅದು ನನಗೆ ಗೊತ್ತು.

ನಿಮ್ಮ,
ಮಸರತ್


ಚನ್ನಗಿರಿ
11 ಆಗಸ್ಟ್ 2024

ಪ್ರೀತಿಯ ಮಸರತ್,

ಎರಡು ಜಡೆ ಹಾಕಿಯೇ ಕಳಿಸುತ್ತಿದ್ದೇನೆ, ಅವಳೇ ಬೇಕೆಂದು ಕೇಳಿದಳು. ತಲೆ ನೋವೂ ಇಲ್ಲ, ಹೊಟ್ಟೆ ನೋವೂ ಇಲ್ಲ.

ಚಿಕ್ಕಹನುಮಂತಪ್ಪನ ಕಥೆ ನಿನಗೂ ಬಂದಿರಬೇಕು. ‘ಅಡಿಕೆ ಚೀಲ ಹೊತ್ತು ಅವನ ಅಂಗೈ ಕೆಂಪಗಾಗಿದೆ. ಅವನ ಕೈ ಹಿಡಿದರೆ ನನಗೂ ಮೆಹಂದಿ ಆಗುತ್ತದೆ ಅಂದುಕೊಂಡೆ. ಹಿಡಿದೆ. ಆಗಲಿಲ್ಲ. ಅವನು ನಕ್ಕನು.’ ಇಷ್ಟನ್ನು ಓದಿ ನಾಗರತ್ನ ಟೀಚರ್ ಇಡೀ ಕ್ಲಾಸಿನ ಕೈಯಲ್ಲಿ ಚಪ್ಪಾಳೆ ತಟ್ಟಿಸಿದರಂತೆ. ನಾನು ಅದನ್ನು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿದ್ದೇನೆ. ಬ್ಲೌಸ್ ಹಾಕಿ ನೋಡಿಕೊಳ್ಳಲು ಬಂದವರೆಲ್ಲ ಓದಿ, “ಯಾರ್ ಬರೆದಿದ್ದು?” ಎನ್ನುತ್ತಾರೆ. “ನಮ್ ಹುಡುಗಿ” ಎನ್ನುತ್ತೇನೆ.

ಹೇಗೆ ಕಲಿಸಿದಿರಿ ಎಂದು ಟೀಚರ್ ಕೇಳಿದರು. ನನಗೇನು ಗೊತ್ತು, ನನಗೆ ಗೊತ್ತಿರುವುದು ಹೊಲಿಗೆ. ಮೊದಲು ಬಾಯಲ್ಲಿ ಹೇಳು ಎನ್ನುತ್ತೇನೆ, ಅದು ಕಚ್ಚಾ ಹೊಲಿಗೆ. ಹೇಳುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವಳಿಗೇ ಗೊತ್ತಾಗುತ್ತದೆ. ದಾರ ಬಿಚ್ಚಿ ಸರಿಮಾಡಿ ಆಮೇಲೆ ಬರೆಯುತ್ತಾಳೆ. ಎಲ್ಲಕ್ಕೂ ಮೊದಲು ಕಥೆ ಯಾರಿಗೆ ಎಂದು ಕೇಳಿಕೊ ಎಂದು ಹೇಳಿದ್ದೇನೆ. “ಅಳತೆ ತಗಳ್ದೆ ಬಟ್ಟೆಗೆ ಕತ್ತರಿ ಹಾಕಬಾರದು. ಯಾರು ತೊಡ್ತಾರೋ ಅವ್ರ ಅಳತೆಗೆ ಹೊಲೀಬೇಕು.” ಪಾಪ, ಅದನ್ನು ಪಾಠದ ಥರ ಬಾಯಿಪಾಠ ಮಾಡಿದ್ದಾಳೆ.

ಇನ್ನೊಂದು ಸಮಾಚಾರ. ಮದೀಹಾಳ ಇನ್ನೊಂದು ಹಲ್ಲು ಬಿತ್ತು. ರಕ್ತ ಹೆಚ್ಚು ಬರಲಿಲ್ಲ. ನಾನೇ ಹತ್ತಿರ ಕೂತು ಉಪ್ಪು ನೀರಿನಲ್ಲಿ ಬಾಯಿ ತೊಳೆಸಿದೆ. ಅಳಲಿಲ್ಲ, ನನ್ನ ಸೆರಗು ಹಿಡಿದುಕೊಂಡು ಗಟ್ಟಿಯಾಗಿ ನಿಂತಿದ್ದಳು. ಹಲ್ಲನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ.

ಸಂಜೆ ನಿನ್ನ ಫೋನು ಬಂದರೆ ಅದನ್ನು ಎತ್ತಿಕೊಂಡು ಮಾಳಿಗೆಗೆ ಓಡುತ್ತಾಳೆ. ಇಲ್ಲೇ ಕೂತು ಮಾತಾಡಬಾರದೇ? ಮಿಷನ್ ಸದ್ದು ಎನ್ನುತ್ತಾಳೆ. ನಾನು ಮಿಷನ್ ನಿಲ್ಲಿಸಿಯೇ ಕೂತಿರುತ್ತೇನೆ.

ನಿನ್ನ ಆಪಾ,
ದಿಲ್‌ಶಾದ್ ಬೇಗಂ


ಜಗಳೂರು
19 ಆಗಸ್ಟ್ 2024

ಆಪಾ ಅವರಿಗೆ,

ನನ್ನ ಮಗಳ ಹಲ್ಲು ಬಿದ್ದದ್ದು ನನಗೆ ಅಂಚೆಯಲ್ಲಿ ಗೊತ್ತಾಗಬೇಕೇ?

ಅವಳ ಮೊದಲ ಹಲ್ಲು ಬಂದಾಗ ನೋಡಿದವಳು ನಾನು. ಹಾಲು ಕುಡಿಸುವಾಗ ಕಚ್ಚಿಸಿಕೊಂಡವಳೂ ನಾನು. ದಿನಾ ಸಂಜೆ ಫೋನಿನಲ್ಲಿ ಏನೇನೋ ಹೇಳುವವಳು ಇದೊಂದನ್ನು ಹೇಳಲಿಲ್ಲ. ನಿನ್ನೆ ನಾನೇ ಕೇಳಿದೆ, ಹಲ್ಲು ಬಿದ್ದದ್ದು ನನಗೆ ಯಾಕೆ ಹೇಳಲಿಲ್ಲ ಎಂದು. “ಯಾವ ಹಲ್ಲು ಅಮ್ಮಿ?” ಎಂದಳು. ಯಾವ ಹಲ್ಲಂತೆ! ಯಾವುದೆಂದು ಅವಳಿಗೇ ನೆನಪಿಲ್ಲದಷ್ಟು ಹಲ್ಲುಗಳು ನನಗೆ ಗೊತ್ತಿಲ್ಲದೆ ಬಿದ್ದಿವೆ, ಪ್ರತಿ ಸಲವೂ ನಿಮ್ಮ ಸೆರಗು ಹಿಡಿದುಕೊಂಡಿದ್ದಾಳೆ ಎಂದಾಯಿತು.

ಇಲ್ಲಿ ಇಡೀ ದಿನ ಬೇರೆಯವರ ಮಕ್ಕಳಿಗೆ ಇಂಜೆಕ್ಷನ್ ಕೊಟ್ಟು, ಅತ್ತರೆ ಸಮಾಧಾನ ಮಾಡುತ್ತೇನೆ. “ಸಿಸ್ಟರ್ ಕೈ ಭಾಳ ಹಗುರ ಐತಿ” ಎನ್ನುತ್ತಾರೆ ಇಲ್ಲಿನ ಜನ. ನನ್ನ ಮಗಳ ಬಾಯಿಗೆ ಉಪ್ಪು ನೀರು ಹಿಡಿಯಲು ನಿಮ್ಮ ಕೈ.

ಕೃತಜ್ಞತೆ ಇಲ್ಲದವಳು ಎಂದುಕೊಳ್ಳಬೇಡಿ. ನೀವು ನೋಡಿಕೊಳ್ಳದಿದ್ದರೆ ನಾನು ಈ ಕೆಲಸದಲ್ಲಿ ಇರಲು ಸಾಧ್ಯವಿಲ್ಲ, ಅದೂ ಗೊತ್ತು. ಗೊತ್ತಿರುವುದರಿಂದಲೇ ಇನ್ನೂ ಉರಿಯುತ್ತದೆ. ಆ ಹಲ್ಲು ನನಗೆ ಬೇಕು. ಕಾಗದದಲ್ಲಿ ಸುತ್ತಿ ಕಳಿಸಿಕೊಡಿ.

ಮಸರತ್


ಚನ್ನಗಿರಿ
1 ಸೆಪ್ಟೆಂಬರ್ 2024

ಮಸರತ್,

ಹಲ್ಲು ಈ ಕವರಿನಲ್ಲಿದೆ. ಹತ್ತಿಯಲ್ಲಿ ಸುತ್ತಿ, ಅಸ್ತರ್ ಬಟ್ಟೆಯ ಸಣ್ಣ ಚೀಲ ಮಾಡಿ ಹೊಲಿದಿದ್ದೇನೆ. ದಾರ ಬಿಚ್ಚಿ ನೋಡಿಕೊ.

ಹಲ್ಲು ನಿನ್ನದೇ, ಮಗಳೂ ನಿನ್ನವಳೇ. ನಿಕಾಹ್ ಆಗಿ ಎರಡು ವರ್ಷಕ್ಕೆ ಬರಿಗೈಯಲ್ಲಿ ತಮ್ಮನ ಮನೆಗೆ ವಾಪಸ್ ಬಂದವಳಿಗೆ ಅದನ್ನು ಯಾರೂ ನೆನಪಿಸಬೇಕಾಗಿಲ್ಲ.

ಮದೀಹಾ ಈಗ ಒಂದು ಬೆಕ್ಕಿನ ಮರಿಯ ಕಥೆ ಹೇಳುತ್ತಿದ್ದಾಳೆ. ಇನ್ನೂ ಕಚ್ಚಾ ಹೊಲಿಗೆಯಲ್ಲಿದೆ.

ದಿಲ್‌ಶಾದ್


ಜಗಳೂರು
22 ಸೆಪ್ಟೆಂಬರ್ 2024

ಪ್ರೀತಿಯ ಆಪಾ ಅವರಿಗೆ ಸಲಾಂ.

ಹೋದ ಸಲ ಬಿರುಸಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹಲ್ಲಿನ ಚೀಲವನ್ನು ಪರ್ಸಿನ ಒಳಜೇಬಿನಲ್ಲಿ ಇಟ್ಟಿದ್ದೇನೆ. ಬೇಸರವಾದಾಗ ತೆಗೆದು ನೋಡುತ್ತೇನೆ. ಜೊತೆಯ ಸಿಸ್ಟರ್ ಚೌಡೇಶ್ವರಿಗೆ ತೋರಿಸಿದೆ. “ಥೇಟ್ ನಿಮ್ಮ ಹಲ್ಲೇರೀ” ಎಂದಳು.

ಇವತ್ತು ನಾನು ತುಂಬಾ ಸಂತೋಷದಲ್ಲಿದ್ದೇನೆ. ಬೆಕ್ಕಿನ ಮರಿಯ ಕಥೆ ಬಂತು. ನೀವೂ ಓದಿದ್ದೀರಲ್ಲ, ಓದಿ ನಿಮಗೆ ಏನನಿಸಿತೋ ಎಂದು ಯೋಚಿಸುತ್ತಿದ್ದೇನೆ. ಟೈಲರ್ ಅಂಗಡಿಯ ಚಿಂದಿ ಬುಟ್ಟಿಯಲ್ಲಿ ಬೆಕ್ಕು ಮರಿ ಹಾಕುತ್ತದೆ. ತಾಯಿ ಬೆಕ್ಕಿಗೆ ದೂರದ ಬೀದಿಯಲ್ಲಿ ಕೆಲಸ. ಮರಿ ಬುಟ್ಟಿಯಲ್ಲೇ ಬೆಳೆಯುತ್ತದೆ. ಕೊನೆಯಲ್ಲಿ ದಸರಾ ಬರುತ್ತದೆ. ‘ತಾಯಿ ಬೆಕ್ಕು ಬಂದು ಮರಿಯ ಕತ್ತು ಹಿಡಿದು ಎತ್ತಿಕೊಂಡಿತು. ಕತ್ತು ನೋಯಲಿಲ್ಲ. ತಾಯಿ ಹಲ್ಲು ನೋಯುವುದಿಲ್ಲ. ಇಬ್ಬರೂ ಹೊರಟು ಹೋದರು. ಬುಟ್ಟಿ ಖಾಲಿ ಆಯಿತು.’

ಓದಿ ಓದಿ ಕಾಗದ ಮೆತ್ತಗಾಗಿದೆ. ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ನೀವು ಕಲಿಸಿದ ಕಥೆಯಲ್ಲೇ ಅವಳು ನನ್ನನ್ನು ಕರೆದಿದ್ದಾಳೆ. ಆದ್ದರಿಂದ ನಿಶ್ಚಯ ಮಾಡಿದ್ದೇನೆ ಆಪಾ. ದಸರಾ ರಜೆಗೆ ಅವಳನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ. ರಜೆ ಮುಗಿದ ಮೇಲೆ ಟೀಸಿ ತೆಗೆಸಿ ಇಲ್ಲಿನ ಶಾಲೆಗೇ ಸೇರಿಸುತ್ತೇನೆ. ಅರ್ಜಿ ಬರೆದಿಟ್ಟಿದ್ದೇನೆ. ಇಷ್ಟು ದಿನ ನೋಡಿಕೊಂಡ ನಿಮ್ಮ ಋಣ ದೊಡ್ಡದು.

ನಿಮ್ಮ,
ಮಸರತ್


ಚನ್ನಗಿರಿ
29 ಸೆಪ್ಟೆಂಬರ್ 2024

ಮಸರತ್,

ನೀನು ಯಾವ ಕಥೆ ಓದಿದೆ?

ಕನ್ನಡಿಯ ಪಕ್ಕ ನಾನು ಅಂಟಿಸಿಕೊಂಡಿರುವ ಕಥೆಯಲ್ಲಿ ದಸರಾ ಬರುತ್ತದೆ, ತಾಯಿ ಬೆಕ್ಕೂ ಬರುತ್ತದೆ. ಆಮೇಲೆ ಹೀಗಿದೆ, ಅಕ್ಷರ ಬಿಡದೆ ಬರೆಯುತ್ತಿದ್ದೇನೆ. ‘ತಾಯಿ ಬೆಕ್ಕು ಬಾ ಅಂದಿತು. ಮರಿ ಬುಟ್ಟಿಯಿಂದ ಇಳಿಯಲಿಲ್ಲ. ಇಲ್ಲಿ ಬೆಚ್ಚಗಿದೆ, ಮಿಷನ್ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಅಂದಿತು. ತಾಯಿ ಬೆಕ್ಕು ಭಾನುವಾರ ಬರುತ್ತೇನೆ ಅಂದು ಹೋಯಿತು.’

ಇದನ್ನು ಓದಿದ ದಿನ ನಾನು ಅಂಗಡಿಗೆ ಬಂದವರಿಗೆಲ್ಲ ಚಹಾ ಕೊಡಿಸಿದೆ. ನಿನಗೂ ಇದೇ ಬಂದಿದೆ, ಓದಿ ಉರಿದುಕೊಳ್ಳುತ್ತಿರುತ್ತೀಯ ಎಂದು ಒಳಗೊಳಗೇ ಖುಷಿಪಟ್ಟೆ. ಅದಕ್ಕೇ ನಿನ್ನ ಉತ್ತರಕ್ಕೆ ಕಾಯುತ್ತಿದ್ದೆ. ಬಂದದ್ದು ನೋಡಿದರೆ ನೀನು ಮೆರವಣಿಗೆಯೇ ಹೊರಟಿದ್ದೀಯ.

ಕರೆದು ಕೂರಿಸಿ ಕೇಳಿದೆ. “ಯಾವುದೇ ನಿಜವಾದ ಕಥೆ?”

ಅವಳು ನನ್ನನ್ನೇ ಬೆರಗಾಗಿ ನೋಡಿದಳು. “ಅಮ್ಮಿಗೆ ಕಳ್ಸಿದ್ದು ಅಮ್ಮಿ ಅಳತೆದು. ನಿಮಗೆ ಕೊಟ್ಟಿದ್ದು ನಿಮ್ಮ ಅಳತೆದು. ಯಾರು ತೊಡ್ತಾರೋ ಅವ್ರ ಅಳತೆಗೆ ಹೊಲೀಬೇಕು ಅಂತ ನೀವೇ ಹೇಳಿದ್ರಲ್ಲ ಫುಪ್ಪು. ಸರಿಯಾಗಿಲ್ವಾ? ಎಲ್ಲಿ ಬಿಗಿ ಐತೆ?”

ಎಲ್ಲೂ ಬಿಗಿ ಇಲ್ಲ ಮಗಳೇ ಎಂದೆ. ಇನ್ನೇನು ಹೇಳಲಿ? ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಅಳತೆಯನ್ನು ಇಷ್ಟು ಕರಾರುವಾಕ್ಕಾಗಿ ಯಾರೂ ತೆಗೆದಿರಲಿಲ್ಲ. ಎಂಟು ವರ್ಷದ ಕೂಸು ನಮ್ಮಿಬ್ಬರ ಹೊಟ್ಟೆಯೊಳಗೆ ಏನಿದೆ ಎಂದು ಟೇಪು ಹಿಡಿಯದೆ ನೋಡಿಬಿಟ್ಟಿದೆ. ನಾವು ಅದನ್ನೆಲ್ಲ ಕವರಿನಲ್ಲಿ ಹಾಕಿ ಅಂಟಿಸಿ ಮುಚ್ಚಿಟ್ಟಿದ್ದೇವೆ ಎಂದುಕೊಂಡಿದ್ದೆವು.

ರಜೆಗೆ ಕಳಿಸುತ್ತೇನೆ. ಟೀಸಿ ವಿಷಯ ನಿನಗೆ ಬಿಟ್ಟದ್ದು. ನಾನು ಬೇಡವೆಂದರೂ ಅದು ನನ್ನ ಅಳತೆಯ ಮಾತೇ ಆಗುತ್ತದೆ.

ದಿಲ್‌ಶಾದ್


ಜಗಳೂರು
27 ಅಕ್ಟೋಬರ್ 2024

ಆಪಾ ಅವರಿಗೆ ಸಲಾಂ.

ಮದೀಹಾಳನ್ನು ನಿಮ್ಮ ತಮ್ಮನ ಜೊತೆ ವಾಪಸ್ ಕಳಿಸಿ ವಾರವಾಯಿತು. ಟೀಸಿ ಅರ್ಜಿಯನ್ನು ಅವರ ಕೈಗೆ ಯಾಕೆ ಕೊಡಲಿಲ್ಲ ಎಂದು ಅವರು ಕೇಳಿದರೆ ಏನಾದರೂ ಹೇಳಿ.

ರಜೆಯಲ್ಲಿ ಒಂದು ಸಾಲೂ ಬರೆಯಲಿಲ್ಲ ಅವಳು. ಹೊಸ ಪೆನ್ಸಿಲು, ಬಣ್ಣ, ದಪ್ಪ ಹಾಳೆ ಎಲ್ಲ ತಂದಿಟ್ಟಿದ್ದೆ. ನಿಮ್ಮ ಮನೆಯಲ್ಲಿ ಬರೆಯುವವಳು ನನ್ನ ಮನೆಯಲ್ಲೂ ಬರೆಯಲಿ ಎಂಬ ಹಟ ನನಗೆ. ರಾಜ ಕುದುರೆ ಹುಡುಕಿದ ಕಥೆಯನ್ನು ಪೂರ್ತಿ ಹೇಳಿದೆ. ಕೇಳಿದಳು. ಚೆನ್ನಾಗಿದೆ ಎಂದಳು. ನನ್ನ ಮುಖ ನೋಡಿಕೊಂಡು ಹೇಳಿದಳು ಆಪಾ, ಅದೇ ಸಂಕಟ.

ಒಂದು ಮಧ್ಯಾಹ್ನ ತಡೆಯಲಾಗದೆ, “ನಂಗೋಸ್ಕರ ಒಂದು ಕಥೆ ಬರಿಯೇ” ಎಂದೆ. ಪೆನ್ಸಿಲು ಎತ್ತಿಕೊಂಡು ಕೇಳಿದಳು. “ಅಮ್ಮಿ, ನೀವು ನಗಬೇಕಾ, ಅಳಬೇಕಾ?”

ನಾನು ಬೇಡ ಎಂದುಬಿಟ್ಟೆ.

ಅವಳು ಇಲ್ಲಿದ್ದಷ್ಟು ದಿನ ಒಂದೇ ಒಂದು ಸಲ ಬಾಯ್ತುಂಬ ನಕ್ಕಳು. ಪಕ್ಕದ ಮನೆಯ ಮುದುಕಿ ದುರುಗಮ್ಮನ ಬೊಚ್ಚುಬಾಯಿ ನೋಡಿ. ನಕ್ಕವಳು ಹಾಗೇ ಅಳುವ ಹಾಗಾಗಿ ಒಳಗೆ ಹೋದಳು. ಕೇಳಿದರೆ ಹೇಳಲಿಲ್ಲ. ನಿಮ್ಮ ನೆನಪಾಗಿರಬೇಕು ಎಂದುಕೊಂಡೆ. ನೋಡಿ, ಎಲ್ಲದಕ್ಕೂ ನನಗೆ ನಿಮ್ಮದೇ ನೆನಪು.

ನೇರವಾಗಿ ಹೇಳಿಬಿಡುತ್ತೇನೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ನೀವು ಹಾಕುವ ಜಡೆ, ನಿಮ್ಮ ಮಿಷನ್ನಿನ ಸದ್ದು, ಅವಳ ಫ್ರಾಕಿಗೆ ಅಂಟಿದ ನಿಮ್ಮ ಅಂಗಡಿಯ ದಾರದ ಚೂರು ನೋಡಿದರೂ ಹೊಟ್ಟೆಕಿಚ್ಚು. ಇಲ್ಲಿ ನನ್ನ ರೂಮು ಒಳ್ಳೆಯದೇನಲ್ಲ. ಅನ್ನ ಮಾಡಿ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುತ್ತೇನೆ. ಅರ್ಜಿ ಇನ್ನೂ ಪರ್ಸಿನಲ್ಲೇ ಇದೆ, ಹಲ್ಲಿನ ಪಕ್ಕದಲ್ಲಿ.

ಮಸರತ್


ಚನ್ನಗಿರಿ
8 ಡಿಸೆಂಬರ್ 2024

ಪ್ರೀತಿಯ ಮಸರತ್,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ. ನಿನ್ನ ಕಾಗದ ಓದಿ, ನಿನಗಿಂತ ಹೆಚ್ಚು ಹೊಟ್ಟೆಕಿಚ್ಚು ನನಗಿದೆ ಎಂದು ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ನೀನು ಫೋನು ಮಾಡುವ ಹೊತ್ತಾದರೆ ಅವಳು ಕೈಯಲ್ಲಿದ್ದ ತುತ್ತನ್ನು ಬಿಟ್ಟು ಏಳುತ್ತಾಳೆ. ನಾನು ಕಲೆಸಿ ಕೊಟ್ಟ ತುತ್ತು. ನಾನು ಏನು ಕೊಟ್ಟರೂ ಅದು ನೀನು ಬರುವವರೆಗೆ ಮಾತ್ರ.

ರಜೆಯಿಂದ ಬಂದ ಮೇಲೆ ಇಲ್ಲೂ ಬರೆಯಲಿಲ್ಲ ಅವಳು. ಶನಿವಾರ ಬಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ನಾಗರತ್ನ ಟೀಚರ್ ಹೇಳಿಕಳಿಸಿದರು. ನಾನು ಮಾಡಿದ ಕೆಲಸವನ್ನು ನಾನೇ ಬಿಚ್ಚಬೇಕಲ್ಲ. ಒಂದು ದಿನ ಅವಳನ್ನು ಕಟಿಂಗ್ ಟೇಬಲ್ ಮೇಲೆ ಕೂರಿಸಿ ಹೇಳಿದೆ. “ಒಂದು ಕಥೆ ನಿನ್ನ ಅಳತೆಗೆ ಹೊಲಿ. ನಂಗೆ ಕೊಡಬ್ಯಾಡ, ಅಮ್ಮಿಗೂ ಕಳ್ಸಬ್ಯಾಡ.”

“ಯಾರೂ ತೊಡಲ್ವಾ ಫುಪ್ಪು?”

“ನೀನೇ ತೊಟ್ಕೊ.”

ಮೂರು ದಿನ ನನ್ನ ಕಡೆ ಬೆನ್ನು ಹಾಕಿ ಕೂತು ಬರೆದಳು. ನೋಡಬೇಕೆಂದು ನನಗೆ ಎಷ್ಟು ತಳಮಳವಾಯಿತೆಂದರೆ ನಾಗೇಂದ್ರಪ್ಪ ಮಾಸ್ತರ ಅಂಗಿಗೆ ಎರಡೂ ಕಡೆ ಎಡಗೈ ತೋಳು ಹೊಲಿದುಬಿಟ್ಟೆ. ಬರೆದದ್ದನ್ನು ಶಾಲೆಗೆ ಒಯ್ದು ಟೀಚರಿಗೆ ಕೊಟ್ಟಳು. ಅವರು ಮೊನ್ನೆ ಅಂಗಡಿಗೆ ಬಂದು, “ದಿಲ್‌ಶಾದಮ್ಮ, ಇದನ್ನ ನೀವು ಓದ್ಲೇಬೇಕು ರೀ” ಎಂದರು. ಅವಳನ್ನು ಕೇಳಿದೆ. ಓದಿ ಎಂದಳು. ಅಮ್ಮಿಗೂ ಕಳಿಸಲೇ ಎಂದೆ. “ಕಳ್ಸಿ. ಹುಲಿಗೆಮ್ಮಗೆ ಮಾತ್ರ ಹೇಳಬ್ಯಾಡ್ರಿ” ಎಂದಳು. ಅವಳು ಬರೆದ ಹಾಗೇ ಕೆಳಗೆ ಬರೆದಿದ್ದೇನೆ.

‘ಹುಲಿಗೆಮ್ಮ ನನ್ನ ಬೆಂಚಿನಲ್ಲಿ ಕೂರುತ್ತಾಳೆ. ಅವಳ ಬ್ಯಾಗಿಗೆ ಜಿಪ್ ಇಲ್ಲ, ಪಿನ್ನು ಇದೆ. ಅವಳು ನಕ್ಕರೆ ಎಲ್ಲರೂ ನಗುತ್ತಾರೆ. ಮಗ್ಗಿ ಹೇಳುವಾಗ ಅವಳ ಮುಂದಿನ ಹಲ್ಲು ಬಿತ್ತು. ಹಲ್ಲನ್ನು ಸಗಣಿಯಲ್ಲಿ ಇಟ್ಟು ಮನೆಯ ಮೇಲೆ ಎಸೆದರೆ ಹೊಸ ಹಲ್ಲು ಬರುತ್ತದೆ. ಎಸೆದ ಮೇಲೆ ತಿರುಗಿ ನೋಡಬಾರದು. ನೋಡಿದರೆ ಬರುವುದಿಲ್ಲ ಅಂತ ಅವಳ ಅಜ್ಜಿ ಹೇಳಿದ್ದಾರೆ. ಅವಳು ಶಾಲೆಯ ಮೇಲೆ ಎಸೆದು ಕಣ್ಣು ಮುಚ್ಚಿಕೊಂಡು ಓಡಿದಳು. ಹಲ್ಲು ಗೋಡೆಗೆ ಬಡಿದು ನನ್ನ ಕಾಲ ಹತ್ತಿರ ಬಿತ್ತು. ಹೋಯ್ತಾ ಅಂತ ಹುಲಿಗೆಮ್ಮ ಕೂಗಿದಳು. ಹೋಯ್ತು ಅಂದೆ. ಅವಳು ಕುಣಿದಳು. ನಾನು ಹಲ್ಲನ್ನು ನಲ್ಲಿಯಲ್ಲಿ ತೊಳೆದು ನನ್ನ ಬಾಕ್ಸಿನಲ್ಲಿ ಇಟ್ಟೆ. ದೊಡ್ಡವಳಾದ ಮೇಲೆ ಎತ್ತರಕ್ಕೆ ಎಸೆಯೋಣ ಅಂತ. ಒಂದು ದಿನ ನೋಡಿದರೆ ಬಾಕ್ಸಿನಲ್ಲಿ ಹಲ್ಲು ಇರಲಿಲ್ಲ. ಇಲಿ ಒಯ್ದಿರಬೇಕು. ಹುಲಿಗೆಮ್ಮ ದಿನಾ ನಾಲಿಗೆಯಿಂದ ಮುಟ್ಟಿ ನೋಡುತ್ತಾಳೆ. ಇನ್ನೂ ಬಂದಿಲ್ಲ. ಈಗ ಅವಳು ಕೈ ಅಡ್ಡ ಹಿಡಿದು ನಗುತ್ತಾಳೆ. ಅವಳಿಗೆ ಹಲ್ಲು ಬರದಿದ್ದರೆ ಅದು ನನ್ನಿಂದ. ಅವಳಿಗೆ ಗೊತ್ತಿಲ್ಲ. ಅವಳು ದಿನಾ ನನಗೆ ಅರ್ಧ ಹುಣಸೆಹಣ್ಣು ಕೊಡುತ್ತಾಳೆ.’

ಓದಿದೆಯಾ? ಈಗ ನಿನ್ನ ಪರ್ಸು ತೆಗೆ.

ಉಪ್ಪು ನೀರು ಸುಳ್ಳು ಮಸರತ್. ಸೆರಗೂ ಸುಳ್ಳು. ಪೆನ್ಸಿಲು ಹೆರೆದು ಕೊಡಲು ಬಾಕ್ಸು ತೆಗೆದಾಗ ಹಲ್ಲು ಸಿಕ್ಕಿತು. ಬಿದ್ದದ್ದನ್ನು ನನಗೂ ಹೇಳಲಿಲ್ಲವಲ್ಲ ಎಂದು ನನಗೇ ಅವಮಾನವಾಗಿತ್ತು. ಬಾಯಲ್ಲಿ ಮೊದಲೇ ಎರಡು ಕಿಂಡಿ ಇದ್ದವು, ಇದು ಯಾವುದರದ್ದೆಂದು ನಾನು ನೋಡಲೂ ಇಲ್ಲ. ನಿನ್ನೆದುರು ದೊಡ್ಡವಳಾಗಲು ಹಾಗೆ ಬರೆದೆ. ಆ ಇಲಿ ನಾನೇ.

ದಿಲ್‌ಶಾದ್


ಜಗಳೂರು
15 ಡಿಸೆಂಬರ್ 2024

ಪ್ರೀತಿಯ ಆಪಾ,

ಹಲ್ಲು ಈ ಕವರಿನಲ್ಲಿದೆ. ನೀವು ಹೊಲಿದ ಅದೇ ಚೀಲದಲ್ಲಿ ವಾಪಸ್ ಹಾಕಿದ್ದೇನೆ. ಮದೀಹಾ ಅಂಚೆ ಡಬ್ಬಕ್ಕೆ ಹಾಕಿದ ಕವರಿನಲ್ಲೇ ಇದು ಇಲ್ಲಿಗೆ ಬಂದಿತ್ತಲ್ಲ! ಮಗು ಅಲ್ಲಿ ಬಾಕ್ಸು ತಡಕುತ್ತಿದ್ದಾಗ ನಾನಿಲ್ಲಿ ಯಾರದೋ ಮಗಳ ಹಲ್ಲನ್ನು ಎದೆಗೆ ಒತ್ತಿಕೊಂಡು ಅತ್ತಿದ್ದೇನೆ. ‘ಯಾವ ಹಲ್ಲು ಅಮ್ಮಿ’ ಎಂದು ಅವಳು ಕೇಳಿದ್ದು ನಿಜವಾದ ಪ್ರಶ್ನೆ. ನಾನು ಉತ್ತರ ಕೊಡದೆ ಸಿಟ್ಟು ಮಾಡಿಕೊಂಡೆ. ಚೌಡೇಶ್ವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ.

ನರ್ಸ್ ಆಗಿ ಹೇಳುತ್ತೇನೆ, ಹುಲಿಗೆಮ್ಮನಿಗೆ ಹಲ್ಲು ಬಂದೇ ಬರುತ್ತದೆ. ಮುಂದಿನ ಹಲ್ಲು ಕೆಲವು ಮಕ್ಕಳಿಗೆ ನಿಧಾನ. ಇದನ್ನು ಮದೀಹಾಗೆ ಫೋನಿನಲ್ಲಿ ಹೇಳಿದೆ. ನಂಬಲಿಲ್ಲ. ಹಲ್ಲು ಇಲಿ ಒಯ್ದದ್ದಲ್ಲ, ನನ್ನ ಹತ್ತಿರ ಇದೆ ಎಂದೆ. ಆ ಕಡೆ ಅವಳು ಉಸಿರು ಬಿಟ್ಟದ್ದು ನನಗೆ ಇಲ್ಲಿ ಕೇಳಿಸಿತು. ನಾನೂ ಫುಪ್ಪುವೂ ಯಾಕೆ ತೆಗೆದುಕೊಂಡೆವು ಎಂದು ಅವಳು ಕೇಳಲಿಲ್ಲ. “ಬೇಗ ಕಳ್ಸಿ ಅಮ್ಮಿ” ಎಂದಳು, ಅಷ್ಟೇ. ಈ ಸಲ ಎತ್ತರದ ಮಾಳಿಗೆ ಬೇಡ, ತಗ್ಗಿನ ಹೆಂಚಿನ ಮನೆ ನೋಡಿ. ನೀವು ಮದೀಹಾಳ ಹಿಂದೆ ಒಂದು ಸ್ಟೂಲು ಹಾಕಿಕೊಂಡು ನಿಂತುಕೊಳ್ಳಿ. ಕೆಳಗೆ ಬಿದ್ದರೆ ಹಿಡಿದು ಮತ್ತೆ ಎಸೆಯಿರಿ. ನನ್ನ ಮಗಳು ಇನ್ನೊಂದು ಸಲ ‘ಹೋಯ್ತು’ ಎಂದು ಸುಳ್ಳು ಹೇಳುವಂತಾಗಬಾರದು.

ಟೀಸಿ ಅರ್ಜಿಯನ್ನು ಹರಿದಿಲ್ಲ, ಕೊಟ್ಟೂ ಇಲ್ಲ. ಪರೀಕ್ಷೆ ಮುಗಿಯಲಿ. ಎಲ್ಲಿ ಓದುತ್ತೀಯ ಎಂದು ಅವಳನ್ನೇ ಕೇಳೋಣ. ಕೇಳುವಾಗ ನಾವಿಬ್ಬರೂ ಎದುರಿಗಿರುವುದು ಬೇಡ, ನಮ್ಮ ಮುಖ ನೋಡಿದರೆ ಅಳತೆ ತೆಗೆದುಬಿಡುತ್ತಾಳೆ. ನಾಗರತ್ನ ಟೀಚರ್ ಕೇಳಲಿ. ಅವಳು ಏನು ಹೇಳಿದರೂ ನಾನು ಒಪ್ಪುತ್ತೇನೆ. ನೀವೂ ಒಪ್ಪುತ್ತೀರಿ ಎಂದು ಬರೆದು ಕಳಿಸಿ, ಕಾಗದದಲ್ಲಿ ಇರಲಿ.

ಕೊನೆಯದಾಗಿ ಒಂದು ಮಾತು. ಆ ಕಥೆಯನ್ನು ಮೊದಲ ಸಲ ಓದುವಾಗ ನಾನು ಹುಡುಕಿದ್ದು ನನ್ನನ್ನು. ಎರಡನೇ ಸಲ ನಿಮ್ಮನ್ನು ಹುಡುಕಿದೆ. ನೀವೂ ಹಾಗೇ ಮಾಡಿರುತ್ತೀರಿ, ನನಗೆ ಗೊತ್ತು. ಅಮ್ಮಿ ಇಲ್ಲ, ಫುಪ್ಪು ಇಲ್ಲ, ಬೆಕ್ಕೂ ಇಲ್ಲ. ಬುಟ್ಟಿ, ಮಿಷನ್ ಯಾವುದೂ ಇಲ್ಲ. ನಾವಿಬ್ಬರೂ ಸೇರಿ ಅದರಲ್ಲಿ ಒಂದು ಇಲಿ ಅಷ್ಟೇ. ಅವಳು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಆಪಾ, ಅದಕ್ಕೇ ನನಗೆ ಸಹಿಸಲಾಗುತ್ತಿಲ್ಲ.

ಆ ಹುಲಿಗೆಮ್ಮನನ್ನು ಅಂಗಡಿಗೆ ಕರೆಸಿ ಒಂದು ಫ್ರಾಕು ಹೊಲಿದುಕೊಡಿ, ಬಟ್ಟೆ ನಾನು ಕಳಿಸುತ್ತೇನೆ. ಅಳತೆ ತೆಗೆಯುವಾಗ ಚೆನ್ನಾಗಿ ನೋಡಿ, ನಮ್ಮಿಬ್ಬರಲ್ಲಿ ಇಲ್ಲದ್ದು ಅವಳಲ್ಲಿ ಏನಿದೆ ಎಂದು ನನಗೆ ಬರೆಯಿರಿ.

ನಿಮ್ಮ,
ಮಸರತ್